ದೊರೆ ನೆಲಕ್ಕಿಳಿದದ್ದು

ಗಾಜಿನಂಗಡಿಯ ಆ ಮನೆಯಲ್ಲಿ ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದವರಿಗೆ ಬೈಗುಳ ಕಾದಿರುತ್ತಿತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲಿಗೆ ಮನುಷ್ಯರು ಕೊಡುತ್ತಿದ್ದ ಮರ್ಯಾದೆಯನ್ನು ಗಾಜು ಕೊಡುತ್ತಿರಲಿಲ್ಲ. ಬೆಳಿಗ್ಗೆ ಅಂಗಡಿಯ ಮೇಜಿನ ಮೇಲೆ ಗಾಜಿನ ಹಾಳೆ ಕೊರೆದು ಮುರಿದರೆ ಅದರ ಚೂರು ಮಧ್ಯಾಹ್ನ ಅಡುಗೆಮನೆಯಲ್ಲಿ ಸಿಗುತ್ತಿತ್ತು, ಸಂಜೆ ಹಾಸಿಗೆಯ ಪಕ್ಕದಲ್ಲಿ. ಯಾರ ಚಪ್ಪಲಿಗೆ ಅಂಟಿ ಬಂತು, ಯಾರ ಪ್ಯಾಂಟಿನ ಮಡಿಕೆಯಿಂದ ಉದುರಿತು ಎಂದು ವಿಚಾರಣೆ ನಡೆಯುತ್ತಿತ್ತು. ತಪ್ಪಿತಸ್ಥ ಯಾವಾಗಲೂ ಅಂಗಡಿಯ ಯಜಮಾನನೇ.

ಅಂಥ ಮನೆಗೆ ಒಂದು ಕೂಸು ಬಂತು. ಬಂದ ದಿನವೇ ಅಪ್ಪ, ಅಮ್ಮ, ಅಪ್ಪನ ತಾಯಿ ಮೂವರೂ ಸೇರಿ ಒಂದು ಮಾತಿಗೆ ಬಂದರು: ಇದರ ಕಾಲು ನೆಲಕ್ಕೆ ತಾಗಬಾರದು. ಎಲ್ಲಿಯವರೆಗೆ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಆ ಮಾತನ್ನು ಉಳಿಸಿಕೊಂಡವಳು ಅಜ್ಜಿ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ಗಟ್ಟಿಯಾಗಿದ್ದ ಹೆಂಗಸು. ಕೆಲಸದಿಂದ ಬಿಡುಗಡೆಯಾಗಿ, ಮಾಡಲು ಏನೂ ತೋಚದೆ, ಕೈ ಕಟ್ಟಿ ಕೂತಿದ್ದ ಹೊತ್ತಿಗೆ ಮೊಮ್ಮಗ ಹುಟ್ಟಿದ. ಮಗ ಗಾಜು ಕೊರೆಯುತ್ತಿದ್ದ, ಸೊಸೆ ಅಂಚು ಉಜ್ಜಿ ಕನ್ನಡಿಗಳಿಗೆ ಚೌಕಟ್ಟು ಕೂರಿಸುತ್ತಿದ್ದಳು, ಇಬ್ಬರಿಗೂ ಪುರುಸೊತ್ತಿಲ್ಲ. ಅಜ್ಜಿಗೆ ಇದ್ದದ್ದೆಲ್ಲ ಪುರುಸೊತ್ತೇ. ಗಂಟುಮೂಟೆ ಕಟ್ಟಿಕೊಂಡು ಬಂದವಳು ಕೂಸನ್ನು ಸೊಂಟಕ್ಕೇರಿಸಿಕೊಂಡಳು, ಆಮೇಲೆ ಇಳಿಸಲಿಲ್ಲ. ಸೊಂಟ ನೋಯುವಾಗ ಮಂಚ, ಮಂಚ ಬೇಸರವಾದಾಗ ಎತ್ತರದ ಕುರ್ಚಿ, ಅದೂ ಬೇಸರವಾದಾಗ ಕನ್ನಡಿ ಕೊಳ್ಳಲು ಬಂದ ಯಾರದಾದರೂ ತೋಳು.

ಹುಡುಗ ದುಂಡಗೆ ಬೆಳೆದ. ಹಲ್ಲು ಹೊತ್ತಿಗೆ ಸರಿಯಾಗಿ ಬಂದವು, ಮಾತು ಹೊತ್ತಿಗೆ ಮುಂಚೆಯೇ ಬಂತು. ಎತ್ತರದಲ್ಲಿ ಕೂತು ಬೆರಳು ತೋರಿಸಿ ‘ಅದು ಕೊಡು’, ‘ಅಲ್ಲಿ ಹೋಗು’ ಎಂದು ಅಪ್ಪಣೆ ಕೊಡಿಸುವುದನ್ನು ನೋಡಿ ಅವನಪ್ಪನೇ ‘ದೊರೆ’ ಎಂದು ಹೆಸರಿಟ್ಟ. ‘ನಮ್ಮ ದೊರೆಗೆ ಇವತ್ತಿನವರೆಗೆ ಒಂದು ಗೀರೂ ಬಿದ್ದಿಲ್ಲ’ ಎಂದು ಅಜ್ಜಿ ಬಂದವರೆದುರು ಬೀಗುತ್ತಿದ್ದಳು.

ದೊರೆಗೆ ಒಂದೂವರೆ ವರ್ಷ ದಾಟಿ ಸುಮಾರು ದಿನವಾದ ಮೇಲೆ ಎದುರುಮನೆಯ ದರ್ಜಿಯ ಮಗಳು ಬೀದಿ ದಾಟಿ ಓಡಿಬಂದಳು. ಅವಳು ದೊರೆಗಿಂತ ಚಿಕ್ಕವಳು. ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ಅಪ್ಪನ ಅಳತೆ ಪಟ್ಟಿ, ಹಿಂದೆ ಏದುಸಿರು ಬಿಡುತ್ತ ದರ್ಜಿ. ಸೊಸೆ ಅಂಚು ಉಜ್ಜುವುದನ್ನು ನಿಲ್ಲಿಸಿ ಆ ಹುಡುಗಿಯ ಕಾಲನ್ನೇ ನೋಡಿದಳು. ಆಮೇಲೆ ಅತ್ತೆಯ ಸೊಂಟದಿಂದ ಜೋತಾಡುತ್ತಿದ್ದ ಮಗನ ಕಾಲನ್ನು ನೋಡಿದಳು. ಅಡಿ ಎರಡೂ ಬೆಣ್ಣೆಯ ಹಾಗೆ ಮೆತ್ತಗಿದ್ದವು. ಅದುವರೆಗೆ ಚಂದ ಕಂಡದ್ದು ಅವಳಿಗೆ ಆಗ ಭಯ ಹುಟ್ಟಿಸಿತು.

‘ನಾಳೆ ಡಾಕ್ಟರ ಹತ್ರ ಹೋಗೋಣ ಅತ್ತೆ.’

‘ಯಾಕೆ, ಶೀತಾನಾ?’

‘ಕಾಲು.’

ಅಜ್ಜಿಯೇನೂ ಕಣ್ಣು ಮುಚ್ಚಿಕೊಂಡಿರಲಿಲ್ಲ. ರಾತ್ರಿ ಹುಡುಗನ ಕಾಲಿಗೆ ಎಣ್ಣೆ ತಿಕ್ಕುವಾಗ ತಾನೂ ಹಿಚುಕಿ ನೋಡುತ್ತಿದ್ದಳು, ಮೂಳೆ ಗಟ್ಟಿ ಇದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಮಕ್ಕಳ ಡಾಕ್ಟರು ವಯಸ್ಸಾದವರು, ಅವಸರ ಗೊತ್ತಿಲ್ಲದವರು. ಹುಡುಗನ ತೂಕ ನೋಡಿದರು, ಎತ್ತರ ನೋಡಿದರು, ಸೊಂಟದ ಕೀಲು ತಿರುಗಿಸಿದರು, ಮಂಡಿಗೆ ಮೆಲ್ಲಗೆ ತಟ್ಟಿದರು, ಬೆನ್ನಿನುದ್ದಕ್ಕೂ ಬೆರಳಾಡಿಸಿದರು. ಎಲ್ಲ ಸರಿಯಾಗಿತ್ತು. ಕೊನೆಗೆ ಕಂಕುಳಿಗೆ ಕೈ ಕೊಟ್ಟು ನೆಲದ ಮೇಲೆ ನಿಲ್ಲಿಸಲು ಹೋದರು. ದೊರೆ ಎರಡೂ ಕಾಲನ್ನು ಹೊಟ್ಟೆಗೆ ಮಡಚಿಕೊಂಡ. ಮತ್ತೆ ಇಳಿಸಿದರು, ಮತ್ತೆ ಮಡಚಿದ.

‘ಮನೇಲಿ ಎಲ್ಲಿ ಆಡ್ತಾನೆ?’ ಎಂದು ಡಾಕ್ಟರು ಕೇಳಿದರು.

ಅತ್ತೆ ಸೊಸೆಯ ಮುಖ ನೋಡಿದಳು, ಸೊಸೆ ಗೋಡೆಯ ಮೇಲಿನ ಗಡಿಯಾರ ನೋಡಿದಳು.

‘ನೆಲದ ಮೇಲೆ ಬಿಡ್ತೀರಲ್ವಾ?’

‘ನೆಲ ಚುಚ್ಚುತ್ತೆ’ ಎಂದು ದೊರೆಯೇ ಉತ್ತರ ಕೊಟ್ಟ.

ಡಾಕ್ಟರು ನಕ್ಕರು, ಮನೆಯ ಕಸುಬು ಏನೆಂದು ಕೇಳಿದ ಮೇಲೆ ನಗು ನಿಲ್ಲಿಸಿದರು. ‘ಕಾಯಿಲೆ ಏನೂ ಇಲ್ಲಮ್ಮ. ಕಾಲಿಗೆ ಇಷ್ಟು ದಿನ ಕೆಲಸಾನೇ ಕೊಟ್ಟಿಲ್ಲ. ಮಗುಚೋದು, ತೆವಳೋದು, ಅಂಬೆಗಾಲು, ಹಿಡ್ಕೊಂಡು ಏಳೋದು, ಇದೆಲ್ಲ ಮಕ್ಕಳ ಕಸರತ್ತು. ನೀವು ಅವನನ್ನ ಎತ್ತಿಟ್ಕೊಂಡು ಅಷ್ಟನ್ನೂ ತಪ್ಪಿಸಿಬಿಟ್ಟಿದ್ದೀರಿ. ಈಗಲೂ ಹೊತ್ತು ಮೀರಿಲ್ಲ. ಹೀಗೇ ಬಿಟ್ಟರೆ ಮಾತ್ರ ಕಷ್ಟ ಆಗುತ್ತೆ.’

ಕಾಯಿಲೆ ಇಲ್ಲ ಎಂದದ್ದಕ್ಕೆ ಅಜ್ಜಿ ಸಂತೋಷ ಪಡಬೇಕಿತ್ತು. ಪಟ್ಟಳು ಕೂಡ. ಆದರೆ ಎತ್ತಿಟ್ಟುಕೊಂಡವರು ಎಂದರೆ ಯಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಚಾಪೆ ಹಾಸಿಕೊಂಡು ಕೂತಿದ್ದಳು. ಬರಿಗಾಲಲ್ಲಿ ಬಿಡಿ, ಆಟದ ಸಾಮಾನನ್ನು ಕೈಗೆ ಎಟುಕದಷ್ಟು ದೂರ ಇಡಿ, ಹಿಡಿದು ಏಳುವುದಕ್ಕೆ ಗಟ್ಟಿ ಡಬ್ಬ ಒಂದು ಇರಲಿ, ದಾರಿಗೆ ದಿಂಬು ಅಡ್ಡ ಹಾಕಿ, ಅವನೇ ಹತ್ತಿ ದಾಟಲಿ ಎಂದಳು. ಬೇಕಾದ್ದನ್ನು ಯಾರೂ ತಂದುಕೊಡದಿದ್ದರೆ ಮಕ್ಕಳು ತಾವೇ ಹೋಗಿ ತರುತ್ತಾರೆ ಎಂದಳು. ಅಜ್ಜಿ ಎಲ್ಲಕ್ಕೂ ತಲೆಯಾಡಿಸುತ್ತಲೇ, ಚೆಂಡಿಗೆ ಕೈ ಚಾಚಿ ಮುಲುಗುಟ್ಟುತ್ತಿದ್ದ ಮೊಮ್ಮಗನಿಗೆ ಅದನ್ನು ಎತ್ತಿ ಕೊಟ್ಟಳು.

‘ಅಜ್ಜಿ, ನಿಮಗೂ ಒಂದು ಕಸರತ್ತಿದೆ’ ಎಂದಳು ಹುಡುಗಿ. ‘ಸ್ಟೂಲ್ ಮೇಲೆ ಕೂತ್ಕೋಬೇಕು. ಏಳಬಾರದು.’

ಆ ಹುಡುಗಿಯ ವಯಸ್ಸಿಗಿಂತ ಹೆಚ್ಚು ಕಾಲ ನಿಂತೇ ದುಡಿದವಳು ಅಜ್ಜಿ. ಮನೆ ಸೇರುವವರೆಗೆ ಮುಖ ಊದಿಸಿಕೊಂಡಿದ್ದಳು.

ಹಿಂದಿನ ಕೋಣೆಯಲ್ಲಿ ಚೌಕಟ್ಟಿನ ಮರ ಪೇರಿಸಿತ್ತು. ಮಗ ಅದನ್ನೆಲ್ಲ ಹಿತ್ತಿಲಿಗೆ ಸಾಗಿಸಿದ. ಗುಡಿಸಿದರು, ತೊಳೆದರು, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಸೊಸೆ ಹಿಟ್ಟು ಕಲಸಿ ದೊಡ್ಡ ಉಂಡೆ ಮಾಡಿ ನೆಲದುದ್ದಕ್ಕೂ ಒತ್ತುತ್ತ ಹೋದಳು. ಕಣ್ಣಿಗೆ ಕಾಣದ ಚೂರು ಹಿಟ್ಟಿಗೆ ಅಂಟಿ ಬರುತ್ತದೆ, ಗಾಜಿನವರು ಹಾಗೆ ಮಾಡುವುದುಂಟು. ಆಮೇಲೆ ಕಿಟಕಿ ಮುಚ್ಚಿ, ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಬಿಟ್ಟು, ಏನಾದರೂ ಮಿನುಗುತ್ತದೆಯೇ ಎಂದು ಮೂವರೂ ಕೆನ್ನೆ ನೆಲಕ್ಕೆ ಹಚ್ಚಿ ನೋಡಿದರು. ಬಾಗಿಲಿಗೆ ಅಡ್ಡಲಾಗಿ ಮಂಡಿಯೆತ್ತರದ ಹಲಗೆ ಬಂತು. ಚಪ್ಪಲಿ ಅದರಾಚೆಗೇ ಬಿಡಬೇಕು. ಕೊನೆಯಲ್ಲಿ ಮಗ ಪ್ಯಾಂಟು ಮೇಲಕ್ಕೆ ಮಡಚಿ ಕೋಣೆಯ ಮೂಲೆ ಮೂಲೆಗೂ ಅಂಬೆಗಾಲಿಟ್ಟು ಬಂದು, ‘ಏನೂ ಇಲ್ಲ, ಬಿಡಿ’ ಎಂದ.

ದೊರೆಯನ್ನು ಬಿಟ್ಟರು. ಅವನು ಕೂಗಿದ ಕೂಗಿಗೆ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ.

ಅಲ್ಲಿಂದ ಮುಂದೆ ದಿನವೂ ಅದೇ ಪಾಡು. ಅಜ್ಜಿ ಸ್ಟೂಲಿನ ಮೇಲೆ, ಮೊಮ್ಮಗ ನೆಲದ ಮೇಲೆ. ಮೊದಮೊದಲು ಅಡಿ ಊರಲು ಒಪ್ಪದೆ ಕಾಲ್ಬೆರಳು ಮುದುರಿಕೊಂಡು ಕೂತಲ್ಲೇ ಕೂತಿರುತ್ತಿದ್ದ. ಒಂದು ದಿನ ಚೆಂಡಿನ ಆಸೆಗೆ ಅಂಗೈ ಊರಿ ತಳ್ಳಿದ; ತಳ್ಳಿದರೆ ಹಿಂದಕ್ಕೆ ಹೋದ. ಚೆಂಡು ದೂರವಾದದ್ದು ಕಂಡು ಅದಕ್ಕೇ ಬೈದ. ಹಾಗೆ ಹಿಂದೆ ಹಿಂದೆ ಸರಿದು ಗೋಡೆಗೆ ಬಡಿದ ಮೇಲೆ ಮುಂದಕ್ಕೆ ಹೋಗುವ ದಾರಿ ತಾನೇ ಕಂಡುಕೊಂಡ. ಮಂಡಿ ಕೆಂಪಾಯಿತು, ಅಂಗಾಲು ಒರಟಾಯಿತು. ಡಬ್ಬ ಹಿಡಿದು ಎದ್ದು ನಿಂತ ದಿನ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದ. ಬಂದವರು ತಮಗೆ ಬೇಕಾದ ಅಳತೆಯನ್ನು ಎರಡೆರಡು ಸಲ ಹೇಳಬೇಕಾಯಿತು.

ಅಜ್ಜಿಯ ಕಸರತ್ತು ಮಾತ್ರ ಮುಂದಕ್ಕೆ ಸಾಗಲಿಲ್ಲ. ಹುಡುಗ ವಾಲಿದರೆ ಅವಳ ಕೈ ತಾನಾಗಿ ಚಾಚಿಕೊಳ್ಳುತ್ತಿತ್ತು. ಕೈಗೆ ಬೈದು ಮಡಿಲಲ್ಲಿಟ್ಟುಕೊಂಡರೆ ಕಾಲು ಕಳ್ಳಕೆಲಸಕ್ಕೆ ಇಳಿಯುತ್ತಿತ್ತು: ಹೆಬ್ಬೆರಳಿನಿಂದ ಡಬ್ಬವನ್ನು ಸದ್ದಿಲ್ಲದೆ ಮೊಮ್ಮಗನ ಕಡೆಗೆ ಸರಿಸುತ್ತಿದ್ದಳು. ಸೊಸೆ ಒಮ್ಮೆ ಹಲಗೆಯಾಚೆ ನಿಂತು ನೋಡಿಬಿಟ್ಟಳು.

‘ಅತ್ತೆ, ನಮ್ಮ ಹುಡುಗನಿಗಿಂತ ಮುಂಚೆ ಡಬ್ಬ ನಡೆಯೋಕೆ ಕಲೀತು ನೋಡಿ.’

‘ಏನೋ ಕಾಲು ತಾಗ್ತಪ್ಪ.’

‘ದಿನಾ ತಾಗುತ್ತಲ್ಲ.’ ಸೊಸೆ ನಗುತ್ತಲೇ ಹೇಳಿದರೂ ಆಮೇಲೆ ದನಿ ತಗ್ಗಿಸಿದಳು. ‘ಅವನು ಹೀಗೇ ಉಳಿದುಬಿಟ್ಟರೆ ಏನು ಗತಿ ಅಂತ ನನಗೆ ನಿದ್ದೆ ಬರಲ್ಲ ಅತ್ತೆ. ದಯವಿಟ್ಟು ಕೂತ್ಕೊಳ್ಳಿ.’

ಅಜ್ಜಿ ಎರಡೂ ಕಾಲನ್ನು ಸ್ಟೂಲಿನ ಕೆಳಕ್ಕೆ ಎಳೆದುಕೊಂಡಳು. ಮನಸ್ಸಿನಲ್ಲಿದ್ದದ್ದು ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. ಹುಡುಗ ನಡೆಯಬೇಕು, ಅದು ಸರಿ. ನಡೆಯದೆ ಉಳಿದರೆ ಎಂದು ಯೋಚಿಸಿದರೆ ಅವಳಿಗೂ ಅನ್ನ ಇಳಿಯುತ್ತಿರಲಿಲ್ಲ. ಆದರೆ ನಡೆದ ಮರುದಿನ ಈ ಮನೆಯಲ್ಲಿ ತಾನು ಮಾಡುವುದೇನು? ಗಾಜು ಅವಳಿಗೆ ಬಾರದು. ಅಡುಗೆಯಲ್ಲಿ ಸೊಸೆಯದೇ ಮೇಲುಗೈ. ಇಲ್ಲಿ ಅವಳ ಜಾಗ ಅಂತ ಇದ್ದದ್ದು ಆ ಸೊಂಟ ಒಂದೇ, ಅದನ್ನು ಖಾಲಿ ಮಾಡಿಕೊಳ್ಳಲು ಅವಳನ್ನೇ ಕೂರಿಸಿದ್ದರು. ಇಂಥ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದರೂ ಯೋಚನೆ ಹೋಗಲಿಲ್ಲ.

ದೊರೆ ಗೋಡೆ ಹಿಡಿದು ಏಡಿಯ ಹಾಗೆ ಅಡ್ಡಡ್ಡ ನಡೆಯುವುದನ್ನು ಕಲಿತಿದ್ದ. ಗೋಡೆಯಿಂದ ಡಬ್ಬಕ್ಕೆ, ಡಬ್ಬದಿಂದ ಅಜ್ಜಿಯ ಮಂಡಿಗೆ. ಏನನ್ನೂ ಹಿಡಿಯದೆ ಹೆಜ್ಜೆ ಹಾಕು ಎಂದರೆ ಮಾತ್ರ ದಪ್ಪೆಂದು ಕೂತುಬಿಡುತ್ತಿದ್ದ.

ಆ ಮಧ್ಯಾಹ್ನ ಅವನು ಡಬ್ಬ ಹಿಡಿದು ನಿಂತಿದ್ದ. ಡಬ್ಬ ಹಗುರವಾದದ್ದು, ಅವನು ಒರಗಿದ ಭಾರಕ್ಕೆ ಜಾರಿ ದೂರ ಹೋಯಿತು. ಬೀಳಬೇಕಿದ್ದವನು ಬೀಳಲಿಲ್ಲ. ಕೋಣೆಯ ನಟ್ಟನಡುವೆ, ಕೈಗೆ ಏನೂ ಇಲ್ಲದೆ, ನಿಂತಿದ್ದ. ತಾನು ನಿಂತಿದ್ದೇನೆ ಎಂದು ತಿಳಿದದ್ದೇ ತಡ, ಮುಖ ಪೆಚ್ಚಾಯಿತು. ಎರಡೂ ಕೈ ಅಜ್ಜಿಯ ಕಡೆಗೆ ಚಾಚಿದ.

‘ಅಜ್ಜಿ, ಎತ್ಕೋ.’

ಅಜ್ಜಿ ಎದ್ದರೆ ಎರಡೇ ಹೆಜ್ಜೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಎತ್ತಿದರೆ ನೋಡುವವರಿರಲಿಲ್ಲ, ಕೇಳುವವರಿರಲಿಲ್ಲ. ಇವತ್ತೊಂದು ದಿನ ಎತ್ತಿದರೆ ಏನು ಮುಳುಗಿಹೋಗುತ್ತದೆ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದಲೇ ಅವಳಿಗೆ ಹೆದರಿಕೆಯಾಯಿತು. ಎರಡೂ ಅಂಗೈಯನ್ನು ತೊಡೆಯ ಅಡಿಗೆ ತಳ್ಳಿ, ಅದರ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕೂತಳು.

‘ಎತ್ಕೋ’ ಎಂದ ಮತ್ತೆ. ಈ ಸಲ ಅದು ಅಪ್ಪಣೆ.

‘ಇಲ್ಲ ಮರಿ. ನೀನೇ ಬಾ.’

ಅವನು ಧೊಪ್ಪನೆ ಕುಕ್ಕರಿಸಿದ. ಅಳಲಿಲ್ಲ. ಅತ್ತಿದ್ದರೆ ಅವಳು ತಡೆದುಕೊಳ್ಳುತ್ತಿರಲಿಲ್ಲವೇನೋ. ಕೂತಲ್ಲಿಂದಲೇ ಅವಳನ್ನು ನೋಡಿದ, ಅಂಗಡಿಗೆ ಬಂದ ಹೊಸಬರನ್ನು ನೋಡುವ ಹಾಗೆ. ಅವಳ ಮಾತು ತನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಮುಖದ ಮೇಲಿತ್ತು. ಅನುಮಾನ ಹೋಗಿ ಸಿಟ್ಟು ಬಂತು. ಅಂಗೈ ಊರಿದ, ಹಿಂಭಾಗ ಮೇಲೆತ್ತಿದ, ಹಿಡಿಯಲು ಏನೂ ಇಲ್ಲದ ಕಡೆ ತನ್ನಷ್ಟಕ್ಕೆ ತಾನೇ ಎದ್ದ.

ಎದ್ದವನು ಅಜ್ಜಿಯ ಕಡೆ ಬರಲಿಲ್ಲ. ಬೆನ್ನು ತಿರುಗಿಸಿದ. ಕಾಲು ಅಗಲಿಸಿ, ಕೈ ಎರಡೂ ಮೇಲಕ್ಕೆತ್ತಿ, ತೊನೆಯುತ್ತ, ಮುಗ್ಗರಿಸುತ್ತ, ಬಾಗಿಲಿನವರೆಗೂ ನಡೆದೇ ಹೋಗಿ ಹಲಗೆ ಹಿಡಿದುಕೊಂಡ. ಅದರಾಚೆ ಅವನಮ್ಮ ದೊಡ್ಡ ಕನ್ನಡಿಯೊಂದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಅಂಗಡಿಗೆ ಒಯ್ಯುತ್ತಿದ್ದಳು.

‘ಅಮ್ಮಾ, ಅಜ್ಜಿ ಎತ್ಕೊಳ್ಳಲ್ಲ.’

‘ಯಾಕತ್ತೆ, ಒಂಚೂರು...’ ಎಂದ ಸೊಸೆಯ ಮಾತು ಅಲ್ಲೇ ನಿಂತಿತು. ಹಲಗೆ ಹಿಡಿದು ನಿಂತ ಮಗನನ್ನು ನೋಡಿದಳು. ದೂರದಲ್ಲಿ ಕೈ ತೊಡೆಯಡಿ ಇಟ್ಟುಕೊಂಡು ಕೂತಿದ್ದ ಅತ್ತೆಯನ್ನು ನೋಡಿದಳು. ಇಬ್ಬರ ನಡುವಿನ ಬರಿ ನೆಲ ನೋಡಿದಳು. ಕನ್ನಡಿಯನ್ನು ಹುಷಾರಾಗಿ ಗೋಡೆಗೆ ಒರಗಿಸಿ, ‘ರೀ, ಸ್ವಲ್ಪ ಬನ್ನಿ’ ಎಂದಳು. ಅಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿ ಹರಿಯುತ್ತಿತ್ತು.

ಅವಳ ಗಂಡ ಬಂದ. ದೊರೆ ಅಪ್ಪನ ಮುಂದೆಯೂ ದೂರು ಒಪ್ಪಿಸಿದ, ಇನ್ನೂ ಖಾರವಾಗಿ, ಬೆರಳನ್ನು ಹಿಂದಕ್ಕೆ ತೋರಿಸುತ್ತ. ಬೆರಳು ತೋರಿಸಲು ಒಂದು ಕೈ ಹಲಗೆಯಿಂದ ಬಿಟ್ಟಿದ್ದ.

ಇಷ್ಟು ದಿನ ಆ ಮನೆಯ ದೂರುಗಳೆಲ್ಲ ಅಜ್ಜಿಯ ಕಿವಿಗೇ ಬರುತ್ತಿದ್ದವು. ಅಮ್ಮ ಸೋಪು ಕಣ್ಣಿಗೆ ಹಾಕಿದಳು, ಅಪ್ಪ ಬಿಸ್ಕತ್ತು ಕೊಡಲಿಲ್ಲ ಎಂದು ಸೊಂಟದ ಮೇಲಿಂದ ಕುತ್ತಿಗೆ ಬಳಸಿ ಹೇಳುತ್ತಿದ್ದ, ಅವಳು ಅಲ್ಲೇ ತೀರ್ಪು ಕೊಡುತ್ತಿದ್ದಳು. ಅವಳ ಮೇಲೆ ದೂರಿದ್ದರೆ ಅದನ್ನು ಹೇಳಲು ಅವನು ಬೇರೆ ಕಡೆಗೆ ಹೋಗಬೇಕಿತ್ತು. ಹೋಗಲು ಅವನಿಗೆ ಕಾಲೇ ಇರಲಿಲ್ಲ.

‘ಏನಮ್ಮಾ, ನಿಜಾನಾ?’ ಎಂದು ಮಗ ನಗುತ್ತ ಕೇಳಿದ. ‘ನಮ್ಮ ದೊರೆ ಹೇಳ್ತಿರೋದು?’

‘ನಿಜ. ಎತ್ಕೊಳ್ಳಲಿಲ್ಲ’ ಎಂದಳು ಅಜ್ಜಿ.

ತೊಡೆಯಡಿಯಿಂದ ಕೈ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮ್ಮನಿಗೆ ಸಂತೋಷ ತಡೆಯಲಾಗುತ್ತಿಲ್ಲ ಎಂದು ಮಗ ತಿಳಿದುಕೊಂಡ. ಅರ್ಧ ಅದು ನಿಜವೂ ಆಗಿತ್ತು.