ನೀರು ಶುದ್ಧವಾಗಿಯೇ ಇತ್ತು

ಕೊಳದಲ್ಲಿ ತಾನು ಸಾಕಿದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದುದನ್ನು ಕಂಡು ಅಕ್ಕ ಮೇವಿನ ಬುಟ್ಟಿಯನ್ನು ಅಲ್ಲೇ ಕುಕ್ಕಿದಳು. ನೆತ್ತಿ ಸುಡುವ ಬಿಸಿಲು. ಕೊಳಕ್ಕೆ ಕೈಯಿಟ್ಟರೆ ನೀರು ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿತ್ತು. ಗೋಡೆಯಾಚೆ ಐಸ್ ಕಾರ್ಖಾನೆ. ಯಂತ್ರದ ಕಾವು ಹೊತ್ತು ಬರುವ ನೀರನ್ನು ತಣಿಸುವ ತೊಟ್ಟಿ ಒಡೆದಿತ್ತು. ಅಂದಿನಿಂದ ಆ ನೀರು ನೇರವಾಗಿ ಅವಳ ಕೊಳಕ್ಕೇ ಬೀಳುತ್ತಿತ್ತು. ಅದನ್ನು ಇತ್ತ ತಿರುಗಿಸಿದವನು ಬೇರೆ ಯಾರೂ ಅಲ್ಲ, ಅಲ್ಲಿ ಯಂತ್ರ ನೋಡಿಕೊಳ್ಳುವ ಅವಳ ಒಡಹುಟ್ಟಿದ ತಮ್ಮ.

ಮೊದಲೇ ಅವಳು ತಕರಾರು ತೆಗೆದಿದ್ದಳು. ಮ್ಯಾನೇಜರು ನೀರನ್ನು ಪರೀಕ್ಷೆ ಮಾಡಿಸಿ, ಇದರಲ್ಲಿ ವಿಷವಿಲ್ಲ, ಎಣ್ಣೆಯಿಲ್ಲ, ಬೇಕಾದರೆ ಕುಡಿದು ನೋಡಿ ಎಂದು ಸಾಗಹಾಕಿದ್ದ. ತಮ್ಮನೂ ಅವನ ತಾಳಕ್ಕೇ ಕುಣಿದಿದ್ದ.

ಅವಳು ಯಂತ್ರದ ಕೋಣೆಗೇ ನುಗ್ಗಿದಳು. “ನೀರಲ್ಲಿ ಉಸಿರಿಲ್ಲ ಕಣೋ. ಕಾಯಿಸಿ ಕಾಯಿಸಿ ಗಾಳಿ ಎಲ್ಲಾ ಓಡಿಸಿದೀರಿ.”

“ಬಿಸಿಯಾದ್ರೆ ಕರಗೋದು ಜಾಸ್ತಿ ಅಲ್ವಾ ಅಕ್ಕ? ಸಕ್ಕರೆ ನೋಡು,” ಎಂದ ತಮ್ಮ, ಅವಳ ಮುಖ ನೋಡದೆ.

“ಸಕ್ಕರೆಗೆ ಬಿಸಿ ಬೇಕು, ಗಾಳಿಗೆ ತಂಪು ಬೇಕು. ಒಲೆ ಮೇಲೆ ನೀರಿಟ್ರೆ ಕುದಿಯೋಕೆ ಮುಂಚೆನೇ ಪಾತ್ರೆ ಸುತ್ತ ಸಣ್ಣ ಗುಳ್ಳೆ ಏಳತ್ತಲ್ಲ, ಅದೇನು? ಒಳಗಿರೋ ಗಾಳಿ ಎದ್ದು ಹೋಗೋದು.”

ಅವನು ಕೈಯ ಬಟ್ಟೆಯಲ್ಲಿ ಒಂದೇ ಬೆರಳನ್ನು ಒರೆಸುತ್ತ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, ಮೀನು ತಡೆಯಲ್ಲ ಎಂದು ನಾನೂ ಮ್ಯಾನೇಜರಿಗೆ ಹೇಳಿದ್ದೆ, ಅವರು ಕೇಳಲಿಲ್ಲ ಎಂದ.

ತಿಳಿಯದೆ ಮಾಡಿದ್ದಾನೆ ಎಂದು ಅಕ್ಕನಲ್ಲಿ ಉಳಿದಿದ್ದ ಒಂದೆಳೆ ನಂಬಿಕೆಯೂ ಹರಿದುಹೋಯಿತು.

“ಅವರಿಗೆ ನಿಜ ಹೇಳ್ದೆ ನೀನು. ನನಗೆ ಸಕ್ಕರೆ ಕಥೆ ಹೇಳ್ದೆ.”

ಅವಳು ಹೋಗಿ ಬಿಸಿನೀರಿನ ಕೊಳವೆಯನ್ನು ಮುಚ್ಚುವ ಗಾಲಿ ಹಿಡಿದಳು. ಅವನು ಓಡಿ ಬಂದು ಅದರ ಮೇಲೆ ಕೈಯಿಟ್ಟ. ಇದನ್ನು ಮುಚ್ಚಿದರೆ ಯಂತ್ರ ನಿಲ್ಲಿಸಬೇಕು, ಅಚ್ಚಿನಲ್ಲಿರುವ ಐಸೆಲ್ಲ ನೀರಾಗುತ್ತದೆ, ನನ್ನ ಕೆಲಸಕ್ಕೆ ಕಲ್ಲು ಬೀಳುತ್ತದೆ ಎಂದು ಗೋಗರೆದ.

“ಕೈ ತೆಗಿ.”

ಅವನು ತೆಗೆದ. ಅವಳು ಗಾಲಿಯನ್ನು ಕೊನೆಯ ತನಕ ತಿರುಗಿಸಿದಳು. ಯಂತ್ರದ ಸದ್ದು ಅಡಗಿತು. ಮ್ಯಾನೇಜರು ಓಡಿ ಬಂದು ಯಾರು ಮುಚ್ಚಿದ್ದು ಎಂದು ಅರಚಿದಾಗ ತಮ್ಮ ನೆಲ ನೋಡಿದ. “ನಾನು” ಎಂದು ಅಕ್ಕ ಅವರಿಬ್ಬರ ನಡುವೆಯೇ ಹಾದು ಹೊರಬಂದಳು.

ಬಿಸಿಲು ಇಳಿಯುವ ತನಕ ಅವಳು ಬಕೆಟ್ಟಿನಲ್ಲಿ ನೀರು ಮೊಗೆದು, ಗಾಳಿ ಕೂಡಲೆಂದು ಎತ್ತರದಿಂದ ಸುರಿಯುತ್ತಲೇ ಇದ್ದಳು. ಸತ್ತ ಮೀನುಗಳು ದಡಕ್ಕೆ ಬಂದು ಸೇರುತ್ತಿದ್ದವು. ಅಷ್ಟರಲ್ಲಿ ತಮ್ಮ ಬಂದ. ಕೆಲಸ ಉಳಿಯಿತೋ ಹೋಯಿತೋ ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಪ್ಯಾಂಟು ಮಡಚಿ ನೀರಿಗಿಳಿದು ಅವನೂ ಒಂದು ಬಕೆಟ್ ತುಂಬಿ ಎತ್ತಿದ.

ಅವಳು ಅಲ್ಲಿಂದ ಸರಿದು ಎದುರಿನ ಮೂಲೆಗೆ ಹೋದಳು. ಎರಡೂ ಕಡೆಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ನಡುವಿನ ನೀರು ಇನ್ನೂ ಬೆಚ್ಚಗೇ ಇತ್ತು.