ಶಿವಶಂಕರನ ಮೂಗು

ಗೌರಮ್ಮ ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಮಲ್ಲಿಕ್ ಒಳಗೆ ಬಂದ. ಹಿಂದೆ ಉಣ್ಣೆಯ ಟೋಪಿ ಹಾಕಿದ್ದ ಮುದುಕನೊಬ್ಬನಿದ್ದ. ಶಿವಶಂಕರನನ್ನು ಗೋಡೆಗೆ ಒರಗಿಸಿ ಕೂರಿಸಿ, ಕತ್ತು ವಾಲದಂತೆ ಬಟ್ಟೆ ಕಟ್ಟಿದ್ದರು. ಕಾಡುಗೋಡಿಯ ಆ ಸಣ್ಣ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮಲ್ಲಿಕ್ ವೈಟ್‌ಫೀಲ್ಡಿನ ಟೀ ಕಂಪನಿಯ ಮ್ಯಾನೇಜರು. ನೀಲಗಿರಿಯಿಂದ ಮೂಟೆಗಳಲ್ಲಿ ಇಳಿದು ಬರುವ ಟೀಯನ್ನು ಶಿವಶಂಕರ ಅಲ್ಲಿ ರುಚಿ ನೋಡುತ್ತಿದ್ದ. ಯಾವುದನ್ನು ಯಾವುದಕ್ಕೆ ಬೆರೆಸಬೇಕು, ಯಾವುದನ್ನು ವಾಪಸು ಕಳಿಸಬೇಕು ಎಂದು ಅವನು ಹೇಳಿದ ಮೇಲೆಯೇ ಅದು ಡಬ್ಬಿ ಸೇರಿ, ಚೆನ್ನೈ ಬಂದರು ದಾಟಿ, ಹೆಸರೂ ಗೊತ್ತಿಲ್ಲದ ಊರುಗಳ ಕಪ್ಪಿಗೆ ಬೀಳುತ್ತಿತ್ತು. ಕಂಪನಿಯಿಂದ ಬಂದವರೆಲ್ಲ ಸತ್ತವನನ್ನು ಬಿಟ್ಟು ಅವನ ಮೂಗನ್ನೇ ಹೊಗಳುತ್ತಿದ್ದರು.

ಮುದುಕ ಅವಳೆದುರು ಕುಕ್ಕರುಗಾಲಲ್ಲಿ ಕೂತ. ಹೆಸರು ಬೋಜನ್. ಕೋತಗಿರಿಯ ಆಚೆ ಸಣ್ಣ ಬೆಳೆಗಾರರು ಸೇರಿ ನಡೆಸುವ ಟೀ ಕಾರ್ಖಾನೆಯವನು.

“ಈ ಹೊತ್ತಲ್ಲಿ ಕೇಳಬಾರದಮ್ಮಾ. ನಮ್ಮ ಟೀಲಿ ಹೊಗೆ ವಾಸನೆ ಅಂದ್ರಂತೆ ನಿಮ್ಮ ಯಜಮಾನ್ರು. ಎಲ್ಲಿಂದ ಬಂತು ಅಂತ ಏನಾದ್ರೂ ಹೇಳಿದ್ರಾ?”

ಬಂದರಿಗೆ ಹೋಗುವ ಕಂಟೇನರು ಇವತ್ತು ಸಂಜೆಗೆ ಹೊರಡುತ್ತದೆ. ತಮ್ಮ ಟೀ ಅದರಲ್ಲಿ ಹೋಗದಿದ್ದರೆ ಹೊರದೇಶದ ಗಿರಾಕಿ ಮತ್ತೆ ತಮ್ಮ ಕಡೆ ತಿರುಗಿಯೂ ನೋಡುವುದಿಲ್ಲ, ಕಾರ್ಖಾನೆಗೆ ಬೀಗ ಬೀಳುತ್ತದೆ, ಊರವರು ಕಿತ್ತ ಎಲೆಯನ್ನು ಹಳ್ಳಕ್ಕೆ ಸುರಿಯಬೇಕು ಎಂದು ಅವನು ಒಂದೇ ಉಸಿರಿಗೆ ಹೇಳಿದ. ಮಲ್ಲಿಕ್ ಆ ಮೂಟೆಗಳನ್ನು ಪಕ್ಕಕ್ಕೆ ಇಡಿಸಿದ್ದ. ಶಿವಶಂಕರನ ಮೂಗಿಗೆ ಎದುರಾಡುವವರು ಕಂಪನಿಯಲ್ಲಿ ಯಾರೂ ಇರಲಿಲ್ಲ.

ಗೌರಮ್ಮ ವಿಭೂತಿಯನ್ನು ಕೆಳಗಿಟ್ಟಳು.

*

ಹೋದ ವರ್ಷದ ಜ್ವರ ಶಿವಶಂಕರನ ಮೂಗನ್ನು ಹೊತ್ತುಕೊಂಡು ಹೋಗಿತ್ತು. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ವಾಪಸು ಬರುತ್ತದೆ ಎಂದರು ಡಾಕ್ಟರು. ಬರಲಿಲ್ಲ. ಕಂಪನಿಗೆ ಹೇಳಿದರೆ ಕೆಲಸ ಹೋಗುತ್ತದೆ, ಬೇರೆ ಕೆಲಸ ಗೊತ್ತಿಲ್ಲ.

ಮದುವೆಯಾದಂದಿನಿಂದ ಆ ಮನೆಯಲ್ಲಿ ಊದಿನಕಡ್ಡಿ ಹಚ್ಚಿರಲಿಲ್ಲ, ಅವಳು ಹೂ ಮುಡಿದಿರಲಿಲ್ಲ. ಟೀ ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತದೆ ಎಂದು ಅವನು ಬಿಟ್ಟಿರಲಿಲ್ಲ. ಹಾಗಾಗಿ ಅವಳ ಮೂಗೂ ಚೊಕ್ಕಟವಾಗಿ ಉಳಿದಿತ್ತು. ಅವನು ಊಟದ ಡಬ್ಬಿಯಲ್ಲಿ ಸ್ಯಾಂಪಲ್ ತರತೊಡಗಿದ. ಅವಳು ಹಾಲು ಹಾಕದೆ ಸೋಸಿ, ಅವನು ಕಲಿಸಿದಂತೆ ಸೊರ್ರೆಂದು ಹೀರಿ, ಉಗುಳಿ, ಹೇಳುತ್ತಿದ್ದಳು. ಮರುದಿನ ಅವನು ಎಲ್ಲರೆದುರು ಹೀರಿ ಅವಳ ಮಾತನ್ನೇ ಆಡುತ್ತಿದ್ದ. ವರ್ಷವಿಡೀ ಒಂದೂ ತಪ್ಪಲಿಲ್ಲ. ಅವಳಿಗೆ ಒಳಗೊಳಗೇ ಹೆಮ್ಮೆ.

ಮೊನ್ನೆ ಸೋಮವಾರ ಮಾತ್ರ ತಡೆಯಲಾಗಲಿಲ್ಲ. ಗಂಡನ ಮೂಗು ಮರಳಲೆಂದು ಹರಕೆ ಹೊತ್ತು ದೇವರ ಮುಂದೆ ಲೋಬಾನ ಹಾಕಿದಳು. ಹೊಗೆ ಹೋಗಲೆಂದು ಕಿಟಕಿ ತೆಗೆದಿಟ್ಟಳು. ಸಂಜೆ ಅವನು ಬೋಜನ್‌ನ ಸ್ಯಾಂಪಲ್ ತಂದ. ಒಂದು ಗುಟುಕು ಹೀರಿ “ಹೊಗೆ” ಎಂದಳು. ಮರುದಿನ ಕಸ ಗುಡಿಸುವಾಗ ದೇವರ ಮುಂದಿನ ಬೂದಿ ಕಂಡು, ಆ ಹೊಗೆ ಟೀಯದಲ್ಲ, ಲೋಬಾನದ್ದು ಎಂದು ಹೊಳೆಯಿತು. ಅಷ್ಟರಲ್ಲಿ ಅವನು ಕಂಪನಿಗೆ ಹೋಗಿಯಾಗಿತ್ತು. ರಾತ್ರಿ ಬಂದಾಗ ಹೇಳೋಣವೆಂದುಕೊಂಡಳು. ಅವನು ಆಂಬುಲೆನ್ಸಿನಲ್ಲಿ ಬಂದ.

*

ಮಲ್ಲಿಕ್‌ನನ್ನೂ ಬೋಜನ್‌ನನ್ನೂ ಅವಳು ಅಡುಗೆಮನೆಗೆ ಕರೆದಳು.

“ಆ ಹೊಗೆ ನಮ್ಮನೇದು. ನಾನು ಹಾಕಿದ ಲೋಬಾನದ್ದು. ಒಂದು ವರ್ಷದಿಂದ ರುಚಿ ನೋಡ್ತಿದ್ದೋಳು ನಾನು. ಅವರಿಗೆ ಮೂಗೇ ಇರ್ಲಿಲ್ಲ.”

ಮಲ್ಲಿಕ್ ಗಡಿಯಾರ ನೋಡಿಕೊಂಡ. ನಡುಮನೆಯಲ್ಲಿ ಯಾರೋ ಇನ್ನೂ ಆ ಮೂಗನ್ನೇ ಹೊಗಳುತ್ತಿದ್ದರು.

“ಹಾಗಾದ್ರೆ ಈಗ ನೋಡಿ ಹೇಳಿ ಮೇಡಂ,” ಎಂದ. “ಬೇರೆಯವರನ್ನ ಹುಡುಕೋಕೆ ಟೈಮಿಲ್ಲ. ನೀವು ಸರಿ ಅಂದ್ರೆ ಲೋಡ್ ಮಾಡಿಸ್ತೀನಿ.”

ಬೋಜನ್ ಚೀಲದಿಂದ ಪೊಟ್ಟಣ ತೆಗೆದ.

ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಗೌರಮ್ಮ ಹಚ್ಚಿದಳು. ಶಿವಶಂಕರನ ಅಕ್ಕ ರುದ್ರಮ್ಮ ಬಾಗಿಲಿಗೆ ಬಂದವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತುಬಿಟ್ಟಳು. ನೀರು ಕುದಿಯಿತು. ಗೌರಮ್ಮ ಟೀ ಸೋಸಿ, ಚಮಚ ತುಂಬಿ ಸೊರ್ರೆಂದು ಹೀರಿದಳು. ಆ ಸದ್ದು ಕಂಪನಿಯವರಿಗೆಲ್ಲ ಗೊತ್ತಿದ್ದ ಸದ್ದು. ನಡುಮನೆಯ ಮಾತು ನಿಂತಿತು.

ಏನೂ ತಿಳಿಯಲಿಲ್ಲ. ರಾತ್ರಿಯಿಡೀ ಅತ್ತು ಮೂಗು ಕಟ್ಟಿತ್ತು. ಇನ್ನೊಂದು ಚಮಚ ಹೀರಿದಳು. ಬರೀ ಬಿಸಿನೀರು.

ಹೊಗೆಯಿಲ್ಲ ಎಂದುಬಿಡಬಹುದಿತ್ತು. ಬೋಜನ್‌ನ ಕಣ್ಣು ಆ ಒಂದು ಮಾತಿಗಾಗಿ ಅವಳ ತುಟಿಯ ಮೇಲೇ ಇತ್ತು. ಆದರೆ ಗಂಡನ ಬಾಯಲ್ಲಿ ಒಂದು ತಪ್ಪು ಮಾತು ಆಡಿಸಿ ಕಳಿಸಿದ್ದಳು. ತಿಳಿಯದ್ದನ್ನು ತಿಳಿಯಿತೆನ್ನಲು ನಾಲಿಗೆ ಏಳಲಿಲ್ಲ.

“ಗೌರಾ, ಹೊತ್ತಾತು,” ಎಂದಳು ರುದ್ರಮ್ಮ ಬಾಗಿಲಿಂದಲೇ. “ಕಡೀ ಸಲ ಮುಖ ನೋಡು ಬಾರವ್ವಾ.”

ಅಂಗಳದಲ್ಲಿ ಹರಹರ ಮಹಾದೇವ ಎಂದು ಶಿವಶಂಕರನನ್ನು ಎತ್ತಿದರು. ಮಲ್ಲಿಕ್ ಫೋನು ಕಿವಿಗಿಟ್ಟುಕೊಂಡು, ಒಂದು ನಿಮಿಷ ಇರಿ ಎಂದು ಲೋಡ್ ಮಾಡುವವರಿಗೆ ಹೇಳುತ್ತಿದ್ದ. ಬೀದಿಯಲ್ಲಿ ಹೆಣದ ಗಾಡಿ ಹೊರಟ ಸದ್ದಾಯಿತು. ಗೌರಮ್ಮ ಸೆರಗಿನಲ್ಲಿ ಮೂಗು ಸೀಟಿ, ಮತ್ತೊಂದು ಚಮಚ ತುಂಬಿಕೊಂಡಳು.