ಬೇರೊಬ್ಬರ ಗೀಟು

ಒಣಗಿದ ಚಿತ್ರವನ್ನು ಮನೆಗೆ ತಂದು ಅಮರೇಶಪ್ಪ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದರು. ತಾವೇ ಬರೆದ ನಾಚಾರಂ ಕೆರೆ, ಸರಿ. ಆದರೆ ನೀರಿನ ಮೇಲಿನ ಈ ನಾಲ್ಕು ಗೀಟು ತಮ್ಮವಲ್ಲ. ಬಣ್ಣದ ದಪ್ಪ ಎಡಕ್ಕೆ ವಾಲಿತ್ತು. ಚಿತ್ರ ಬರೆಯುವ ಗೆಳೆಯರ ಬಳಗದಲ್ಲಿ ಎಡಚ ಒಬ್ಬನೇ, ಶರಣಕುಮಾರ.

ಬಳಗದ ನಾಲ್ವರದೂ ಒಂದೇ ನೇಮ. ಭಾನುವಾರ ಬೆಳಿಗ್ಗೆ ಕೆರೆದಂಡೆಗೆ ಹೋಗುವುದು, ಬೆಳಕು ಬದಲಾಗುವಷ್ಟರಲ್ಲಿ ಚಿತ್ರ ಮುಗಿಸುವುದು, ಆಮೇಲೆ ಅದಕ್ಕೆ ಯಾರೂ ಕುಂಚ ತಾಗಿಸುವಂತಿಲ್ಲ. ಹಸಿ ಚಿತ್ರಗಳು ಒಣಗುವುದು ಕಾಚಿಗೂಡದ ಶರಣಕುಮಾರನ ಮನೆಯ ಮಾಳಿಗೆಯಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಈ ಸಲ ಗ್ಯಾಲರಿಯವರು ಬಳಗದ ಒಬ್ಬರಿಗೆ ಮಾತ್ರ ಪ್ರದರ್ಶನ ಕೊಡುವವರಿದ್ದರು. ತಮ್ಮ ಚಿತ್ರ ಕೆಡಿಸಿ ತಾನು ಗೆಲ್ಲುವ ಶರಣಕುಮಾರನ ಹುನ್ನಾರ ಇದು ಎಂದು ಅಮರೇಶಪ್ಪನವರಿಗೆ ಮೈಯೆಲ್ಲ ಉರಿಯಿತು.

ಬುಧವಾರ ಮಧ್ಯಾಹ್ನ ಹೇಳದೆ ಕೇಳದೆ ಹೋದರು. ಶರಣಕುಮಾರನ ಹೆಂಡತಿ ನಲಿನಿ ಬಾಗಿಲು ಅರ್ಧ ತೆರೆದು, "ಅವ್ರು ಮನ್ಯಾಗ ಇಲ್ರಿ ಅಣ್ಣಾರ," ಎಂದಳು. ಅವನ ಚಪ್ಪಲಿ ಹೊಸ್ತಿಲ ಬಳಿಯೇ ಬಿದ್ದಿದ್ದವು. ಅಮರೇಶಪ್ಪ ನೇರವಾಗಿ ಮಾಳಿಗೆಯ ಮೆಟ್ಟಿಲೇರಿದರು.

ಶರಣಕುಮಾರ ಕುಂಚ ಹಿಡಿದು ಅಮರೇಶಪ್ಪನವರ ಹೊಸ ಕೆರೆಚಿತ್ರದ ಮುಂದೆ ಕೂತಿದ್ದ.

"ಎಷ್ಟು ದಿನದಿಂದ ನಡದೈತೋ ಈ ಕಳ್ಳಾಟ?"

ಅವನು ಏಳಲಿಲ್ಲ. ಟ್ಯೂಬಿನ ಮೇಲಿನ ಹೆಸರನ್ನು ಅಂಗೈಯಲ್ಲಿ ಮುಚ್ಚಿ ಒಂದಿಷ್ಟು ಬಣ್ಣ ಹಿಸುಕಿದ. "ಇದು ಯಾವ ಬಣ್ಣ, ಹೇಳ್ರಿ ಅಣ್ಣಾರ."

"ಹಸಿರು. ನನಗ ಪಾಠ ಹೇಳಾಕತ್ತಿ ಏನ?"

"ನೀಲಿ ಐತ್ರಿ." ಶರಣಕುಮಾರ ಅಂಗೈ ತೆಗೆದು ಟ್ಯೂಬಿನ ಹೆಸರು ತೋರಿಸಿದ. "ಮೂರು ತಿಂಗಳಿಂದ ನಿಮ್ಮ ನೀರೆಲ್ಲಾ ಕಂದು ಬರಾಕತ್ತೈತಿ. ಕಣ್ಣಿಗಿ ಪೊರಿ ಬಂದಿರಬೇಕ್ರಿ. ಹೇಳಿದ್ರ ನೀವು ಕುಂಚಾನ ಬಿಟ್ಟಬಿಡ್ತಿದ್ರಿ. ಪ್ರದರ್ಶನ ನಿಮಗ ಸಿಗಲಿ ಅಂತ ನಾವು ಮೂವರೂ ಕೂಡಿ ಅದರ ಮ್ಯಾಲ ನೀಲಿ ಹಚ್ಚಿ..."

ಮೂವರೂ! ಅಮರೇಶಪ್ಪನವರಿಗೆ ಸಂಶಯಪಟ್ಟದ್ದಕ್ಕೆ ನಾಚಿಕೆಯಾಯಿತು, ಬೆನ್ನಿಗೇ ಭಯವೂ ಆಯಿತು. ಕಿಟಕಿಯಾಚೆ ಆಕಾಶ ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ನಾಳೆ ದವಾಖಾನಿಗೆ ಹೋಗೋಣು," ಎಂದರು ಕೊನೆಗೆ. "ಈಗ ಆ ಚಾಕು ಕೊಡು."

ಬಣ್ಣ ಹೆರೆಯುವ ಚಾಕು ಹಿಡಿದು, ನೀರಿನ ಮೇಲೆ ಶರಣಕುಮಾರ ಎಳೆದಿದ್ದ ಗೀಟುಗಳನ್ನು ಒಂದೊಂದಾಗಿ ಎತ್ತಿ ತೆಗೆದರು. ಕಣ್ಣಿಗೆ ತಿಳಿಯದ ಕಡೆ ಬೆರಳಿನಿಂದ ತಡವಿದರು. "ಬ್ಯಾಡ್ರಿ ಅಣ್ಣಾರ, ಗ್ಯಾಲರಿಯವ್ರು ಒಪ್ಪೂದಿಲ್ರಿ," ಎಂದು ಶರಣಕುಮಾರ ಅನ್ನುತ್ತಲೇ ಇದ್ದ.

ಕೊನೆಯ ಗೀಟೂ ಹೋದ ಮೇಲೆ ಅಮರೇಶಪ್ಪ ಸಣ್ಣ ಕುಂಚವೊಂದನ್ನು ಆರಿಸಿಕೊಂಡು, ಕಂದು ನೀರಿನ ಮೂಲೆಯಲ್ಲಿ ನಿಧಾನವಾಗಿ ತಮ್ಮ ಹೆಸರು ಬರೆದರು.